ಅಮ್ಮನ ಮುದ್ದೆ ಗೊತ್ತಿಲ್ಲದ ಯಂತ್ರ



ನಮ್ಮ ಪತ್ರಿಕೆಯ ಕಟ್ಟುಗಳನ್ನು ಸ್ಕೂಟರಿನಲ್ಲಿಟ್ಟುಕೊಂಡು ಅಂಗಡಿ ಅಂಗಡಿಗೆ ಹಂಚುವ ಹುಡುಗನೊಬ್ಬನಿದ್ದಾನೆ. ವಾರವಿಡೀ ಸಾಫ್ಟ್‌ವೇರ್ ಕಂಪನಿಯ ಕೆಲಸ, ಭಾನುವಾರ ನಮ್ಮ ಜೊತೆ. ಅವನ ತಾಯಿಗೆ ಹದಿನಾರು ವರ್ಷದಿಂದ ಶುಗರ್. ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಮಗ ಸಂಬಳದಲ್ಲಿ ಉಳಿಸಿ ತಾಯಿಯ ತೋಳಿಗೆ ಒಂದು ಸೆನ್ಸರ್ ಹಾಕಿಸಿದ. ಕೋಟಿನ ಗುಂಡಿಯಷ್ಟು ದೊಡ್ಡದು. ಅಂಟಿಸಿದರೆ ಎರಡು ವಾರ ಇರುತ್ತದೆ. ಸಕ್ಕರೆ ಎಷ್ಟಿದೆ, ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಹಗಲೂ ರಾತ್ರಿ ಫೋನಿಗೆ ಹೇಳುತ್ತಲೇ ಇರುತ್ತದೆ.

ಒಂದು ರಾತ್ರಿ ಎರಡೂವರೆಗೆ ತಾಯಿಯ ತಲೆದಿಂಬಿನ ಪಕ್ಕದಲ್ಲಿದ್ದ ಆ ಫೋನು ಬೊಬ್ಬೆ ಹೊಡೆಯಿತು. ಎದ್ದು ನೋಡಿದರೆ ಪರದೆ ತುಂಬ ಕೆಂಪು, ಅದರ ಮೇಲೆ ಇಂಗ್ಲಿಷ್. ಆಕೆ ಏಳನೇ ಕ್ಲಾಸಿನ ತನಕ ಕನ್ನಡ ಓದಿದವರು. "ಏನೋ ಕೆಂಪಗೆ ಬರ್ತಿದೆ ಕಣೋ, ಬಾರೋ" ಎಂದು ಕೂಗಿದರು. ಮಗ ಓಡಿ ಬಂದು ನೋಡಿದ. 52 ಎಂದಿತ್ತು. ಅವನ ಕೈಕಾಲು ತಣ್ಣಗಾಯಿತು. ಸಕ್ಕರೆ ಐವತ್ತಕ್ಕೆ ಇಳಿದರೆ ಪ್ರಜ್ಞೆ ತಪ್ಪಬಹುದೆಂದು ಡಾಕ್ಟರು ಹೇಳಿದ್ದರು. ಒಂದು ಲೋಟ ನೀರಿಗೆ ನಾಲ್ಕು ಚಮಚ ಸಕ್ಕರೆ ಕದಡಿ ಕುಡಿಸಿದ. ಐದು ನಿಮಿಷ ಬಿಟ್ಟು ಇನ್ನೊಂದು ಲೋಟ. ಅರ್ಧ ಗಂಟೆಯ ಮೇಲೆ ಬುದ್ಧಿ ಬಂದು ಬೆರಳು ಚುಚ್ಚಿ ನೋಡಿದರೆ 290! ತಾಯಿ ಹೇಳಿದ್ದಿಷ್ಟೇ: "ನಂಗೇನೂ ಆಗಿರ್ಲಿಲ್ಲ ಕಣಪ್ಪ, ಚೆನ್ನಾಗಿ ನಿದ್ದೆ ಬಂದಿತ್ತು."

ಮರುದಿನ ಕಚೇರಿಗೆ ಬಂದವನು ಕೇಳಿದ: "ಅಣ್ಣಾ, ಯಂತ್ರ ಸುಳ್ಳು ಹೇಳುತ್ತಾ?"

ಈ ಸಂಚಿಕೆಯ ಸಂಪಾದಕೀಯ ಆ ಪ್ರಶ್ನೆಯ ಮೇಲೆ. ಮೂಗು ಮುರಿಯಬೇಡಿ. ನಿಮ್ಮ ಮನೆಯಲ್ಲಿ, ಇಲ್ಲವೇ ಎದುರು ಮನೆಯಲ್ಲಿ, ಶುಗರ್ ಇರುವವರೊಬ್ಬರು ಇದ್ದೇ ಇರುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದ ಅಧ್ಯಯನ 2023ರಲ್ಲಿ ಲೆಕ್ಕ ಕೊಟ್ಟಿತು: ಈ ದೇಶದಲ್ಲಿ 10 ಕೋಟಿ 10 ಲಕ್ಷ ಜನರಿಗೆ ಸಕ್ಕರೆ ಕಾಯಿಲೆ. ಅದರ ಹೊಸ್ತಿಲಲ್ಲಿ ನಿಂತವರು ಇನ್ನೂ 13 ಕೋಟಿ 60 ಲಕ್ಷ. ಆ ಹೊಸ್ತಿಲಲ್ಲಿ ನೀವೂ ಇರಬಹುದು ಸ್ವಾಮಿ. ರಾತ್ರಿ ಪಾಳಿ, ಮಧ್ಯರಾತ್ರಿಯ ಪರೋಟ, ಕುರ್ಚಿ ಬಿಟ್ಟೇಳದ ಕೆಲಸ. ನಿಮ್ಮ ದಿನಚರಿ ನಮಗೆ ಗೊತ್ತಿಲ್ಲವೇ?

ಮೊದಲು ಆ ರಾತ್ರಿ ನಡೆದದ್ದೇನು ಎಂದು ನೋಡೋಣ. ಸೆನ್ಸರಿನ ತಳದಲ್ಲಿ ಕೂದಲೆಳೆಯಂಥ ಒಂದು ತಂತು ಇದೆ. ಅದು ಚರ್ಮದ ಕೆಳಗೆ ಇಳಿಯುತ್ತದೆ, ರಕ್ತನಾಳಕ್ಕೆ ಹೋಗುವುದಿಲ್ಲ. ಜೀವಕೋಶಗಳ ನಡುವಿನ ತೇವದಲ್ಲಿ ನಿಂತಿರುತ್ತದೆ. ಅದಕ್ಕೆ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವ ಸವರಿರುತ್ತಾರೆ. ಗ್ಲೂಕೋಸ್ ಬಂದು ತಾಗಿದರೆ ರಾಸಾಯನಿಕ ಕ್ರಿಯೆ ನಡೆದು ಒಂದಿಷ್ಟೇ ಇಷ್ಟು ವಿದ್ಯುತ್ ಹರಿಯುತ್ತದೆ. ಹೆಚ್ಚು ಗ್ಲೂಕೋಸ್, ಹೆಚ್ಚು ವಿದ್ಯುತ್. ಸೆನ್ಸರ್ ಅಳೆಯುವುದು ಆ ವಿದ್ಯುತ್ತನ್ನು. "ನಿಮ್ಮ ಶುಗರ್ 142" ಎಂದು ಫೋನು ಹೇಳುವುದು ಆ ವಿದ್ಯುತ್ತಿನಿಂದ ಕಟ್ಟಿದ ಅಂದಾಜು.

ಅಂದಾಜಿನಲ್ಲಿ ತೊಡಕುಗಳಿವೆ. ಒಂದು, ತಡ. ನಿಮ್ಮ ಬೀದಿಗೆ ಕಾವೇರಿ ನೀರು ಬಿಟ್ಟ ಕೂಡಲೇ ಬಚ್ಚಲಮನೆಯ ನಲ್ಲಿಯಲ್ಲಿ ಸುರಿಯುತ್ತದೆಯೇ? ಸಂಪು ತುಂಬಬೇಕು, ಮೋಟಾರು ಎತ್ತಬೇಕು, ಟ್ಯಾಂಕಿನಿಂದ ಇಳಿಯಬೇಕು. ಹಾಗೆಯೇ ರಕ್ತದ ಸಕ್ಕರೆ ಏರಿದ್ದು, ಇಳಿದದ್ದು ಆ ತೇವಕ್ಕೆ ಗೊತ್ತಾಗುವ ಹೊತ್ತಿಗೆ ಐದರಿಂದ ಹದಿನೈದು ನಿಮಿಷ ಕಳೆದಿರುತ್ತದೆ. ಇನ್ನೊಂದು, ಒತ್ತಡ. ಸೆನ್ಸರ್ ಇರುವ ತೋಳಿನ ಮೇಲೇ ಮಗ್ಗುಲಾಗಿ ಮಲಗಿದರೆ ಅಲ್ಲಿಗೆ ರಕ್ತ ಸರಿಯಾಗಿ ಬರುವುದಿಲ್ಲ. ಅಷ್ಟು ಜಾಗದಲ್ಲಿ ಗ್ಲೂಕೋಸ್ ಇಳಿಯುತ್ತದೆ. ಇಡೀ ಮೈಯಲ್ಲೇ ಇಳಿದಿದೆ ಎಂದು ಯಂತ್ರ ಕೂಗಿಕೊಳ್ಳುತ್ತದೆ. ನಮ್ಮ ಹುಡುಗನ ತಾಯಿ ಮಲಗಿದ್ದದ್ದು ಹಾಗೇ. ಮೂರನೆಯದು, ಔಷಧ. ಪ್ಯಾರಾಸಿಟಮಾಲ್ ಕೆಲವು ಬಗೆಯ ಸೆನ್ಸರುಗಳ ಲೆಕ್ಕ ಕೆಡಿಸುತ್ತದೆ, ವಿಟಮಿನ್ ಸಿ ಮಾತ್ರೆ ಹೆಚ್ಚಾದರೆ ಇನ್ನು ಕೆಲವದ್ದು.

ಆದ್ದರಿಂದ ಯಂತ್ರ ಸುಳ್ಳು ಹೇಳಲಿಲ್ಲ ತಮ್ಮಾ. ಅದು ಕಂಡದ್ದನ್ನು ಹೇಳಿತು. ಕಂಡದ್ದರ ಅರ್ಥ ಅದಕ್ಕೆ ಗೊತ್ತಿರಲಿಲ್ಲ.

ಅರ್ಥ ಕಲಿಸಬಹುದೇ? ಅದೇ ಮಷೀನ್ ಲರ್ನಿಂಗ್. ಯಂತ್ರಕ್ಕೆ ಕಲಿಸುವ ವಿದ್ಯೆ. ನಿಮ್ಮಲ್ಲಿ ಎಷ್ಟೋ ಮಂದಿ ಇದರಲ್ಲೇ ಅನ್ನ ತಿನ್ನುತ್ತಿದ್ದೀರಿ, ಮಿಕ್ಕವರಿಗಾಗಿ ಎರಡು ಮಾತು. ಒತ್ತಡದಿಂದ ಬರುವ ಸುಳ್ಳು ಇಳಿಕೆಗೆ ಒಂದು ಚಹರೆ ಇದೆ. ನಿದ್ದೆಯ ಹೊತ್ತಿನಲ್ಲಿ, ಇನ್ಸುಲಿನ್ ಕಾರಣವಿಲ್ಲದೆ, ಗೆರೆ ಧೊಪ್ಪೆಂದು ಬೀಳುತ್ತದೆ. ಮಗ್ಗುಲು ಬದಲಿಸಿದ ಮೇಲೆ ಅಷ್ಟೇ ಬೇಗ ಮೇಲೇಳುತ್ತದೆ. ನಿಜವಾದ ಇಳಿಕೆ ಸಾಮಾನ್ಯವಾಗಿ ಜಾರಿಕೊಂಡು ಬರುತ್ತದೆ. ಇಂಥ ಸಾವಿರಾರು ರಾತ್ರಿಗಳ ಗೆರೆಗಳನ್ನು ತೋರಿಸಿ, ಇದು ನಿಜ, ಇದು ಸುಳ್ಳು ಎಂದು ಹೇಳಿಕೊಟ್ಟರೆ ಯಂತ್ರ ತಾನೇ ಗುರುತಿಸಲು ಕಲಿಯುತ್ತದೆ. ಹಾಗೆಯೇ ತಡವನ್ನು ಕಳೆಯುವುದು, ಊಟವಾದದ್ದನ್ನು ಹೇಳದೆಯೇ ಪತ್ತೆ ಮಾಡುವುದು, ಎಲ್ಲಕ್ಕಿಂತ ಮುಖ್ಯವಾಗಿ ಇನ್ನು ಅರ್ಧ ಗಂಟೆಗೆ ಸಕ್ಕರೆ ಎಲ್ಲಿರುತ್ತದೆಂದು ಮುಂಚೆಯೇ ಹೇಳುವುದು. ಬಿದ್ದ ಮೇಲೆ ಕೂಗುವ ಯಂತ್ರಕ್ಕೂ, ಬೀಳುವ ಮೊದಲು "ಒಂದು ಬಾಳೆಹಣ್ಣು ತಿನ್ನಮ್ಮ" ಎನ್ನುವ ಯಂತ್ರಕ್ಕೂ ಎಷ್ಟು ವ್ಯತ್ಯಾಸ!

ಈ ಅರ್ಧ ಗಂಟೆಯ ಭವಿಷ್ಯ ಎಷ್ಟು ನಿಜವಾಗುತ್ತದೆ? ಅಮೆರಿಕದ ಒಹಾಯೋ ವಿಶ್ವವಿದ್ಯಾಲಯದವರು 2018ರಲ್ಲಿ ಆರು ಮಂದಿಯ, 2020ರಲ್ಲಿ ಇನ್ನಾರು ಮಂದಿಯ ದಾಖಲೆಗಳನ್ನು ಸಂಶೋಧಕರಿಗೆ ಬಿಟ್ಟುಕೊಟ್ಟರು. ಎಲ್ಲರೂ ಟೈಪ್ 1 ಕಾಯಿಲೆಯವರು, ಅಂದರೆ ಮೈಯಲ್ಲಿ ಇನ್ಸುಲಿನ್ ತಯಾರಾಗುವುದೇ ನಿಂತುಹೋದವರು. ಒಬ್ಬೊಬ್ಬರದೂ ಎಂಟು ವಾರದ ಲೆಕ್ಕ. ಐದು ನಿಮಿಷಕ್ಕೊಂದು ಅಳತೆ, ದಿನಕ್ಕೆ 288. ಜೊತೆಗೆ ಊಟ, ಇನ್ಸುಲಿನ್, ನಿದ್ದೆ, ಕೆಲಸ, ವ್ಯಾಯಾಮ. ಇದನ್ನು ಮುಂದಿಟ್ಟು ಯಾರ ಲೆಕ್ಕ ಸರಿಯೆಂದು ಪಂದ್ಯವನ್ನೇ ನಡೆಸಿದರು. ಒಳ್ಳೊಳ್ಳೆಯ ತಂಡಗಳು 30 ನಿಮಿಷದ ಭವಿಷ್ಯದಲ್ಲಿ ಡೆಸಿಲೀಟರಿಗೆ 18ರಿಂದ 20 ಮಿಲಿಗ್ರಾಂ ಆಚೀಚೆಗೆ ಬಂದು ನಿಂತವು. 60 ನಿಮಿಷಕ್ಕೆ ತಪ್ಪು 30 ದಾಟಿತು.

ಇಪ್ಪತ್ತು ಮಿಲಿಗ್ರಾಂ ಏನು ಮಹಾ ಅನ್ನಬೇಡಿ. 180 ಇರುವವರಿಗೆ 200 ಅಂದರೆ ಏನೂ ಆಗುವುದಿಲ್ಲ. 58ಕ್ಕೆ ಇಳಿಯಲಿರುವವರಿಗೆ 78 ಅಂದರೆ? ಸರಾಸರಿ ತಪ್ಪಿನ ಅಂಕಿಯನ್ನು ಜಾಹೀರಾತಿನಲ್ಲಿ ದೊಡ್ಡದಾಗಿ ಹಾಕುವವರನ್ನು ಈ ಪ್ರಶ್ನೆ ಕೇಳಿ: ಎಪ್ಪತ್ತರ ಕೆಳಗೆ ನಿಮ್ಮ ತಪ್ಪು ಎಷ್ಟು? ರಾತ್ರಿ ಎಷ್ಟು ಸಲ ಸುಮ್ಮನೆ ಕೂಗಿಸಿದಿರಿ, ಕೂಗಬೇಕಾದಾಗ ಎಷ್ಟು ಸಲ ಸುಮ್ಮನಿದ್ದಿರಿ? ಸುಮ್ಮಸುಮ್ಮನೆ ಕೂಗುವ ಯಂತ್ರದ ಬಾಯಿಯನ್ನು ಜನ ಮೂರನೆಯ ರಾತ್ರಿಯೇ ಮುಚ್ಚಿಸುತ್ತಾರೆ. ನಮ್ಮ ಹುಡುಗನ ತಾಯಿಯೂ ಅದನ್ನೇ ಮಾಡಿದರು. ಎಚ್ಚರಿಕೆಯ ಗಂಟೆಯನ್ನೇ ನಿಲ್ಲಿಸಿಬಿಟ್ಟರು.

ಹಾಗೆಂದು ಇದೆಲ್ಲ ಬರೀ ಓಳು ಎಂದು ತಳ್ಳಿಹಾಕುವಂತಿಲ್ಲ. ಪರದೇಶದಲ್ಲಿ ಮಾಡಿ ತೋರಿಸಿದ್ದಾರೆ. 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಒಂದು ಇನ್ಸುಲಿನ್ ಪಂಪು, ಹಿಂದಿನ ನಾಲ್ಕು ಅಳತೆಗಳನ್ನು ನೋಡಿ ಒಂದು ನೇರ ಗೆರೆ ಎಳೆದು, ಅರ್ಧ ಗಂಟೆಯಲ್ಲಿ ಇಳಿಯುವ ಹಾಗಿದ್ದರೆ ಇನ್ಸುಲಿನ್ ನಿಲ್ಲಿಸಿಬಿಡುತ್ತದೆ. ಅಷ್ಟೇ. ಪಿಯುಸಿ ಹುಡುಗನೂ ಎಳೆಯಬಲ್ಲ ಗೆರೆ! ಮುಂದೆ ಅದೇ ದಾರಿಯಲ್ಲಿ, ಸೆನ್ಸರಿನ ಮಾತು ಕೇಳಿ ಇನ್ಸುಲಿನ್ ಏರಿಸಿ ಇಳಿಸುವ ಪಂಪು ಬಂತು. 2019ರಲ್ಲಿ ಅದರ ಪರೀಕ್ಷೆಯ ವರದಿ ಹೊರಬಿತ್ತು. 168 ಮಂದಿ, ಆರು ತಿಂಗಳು. ಸಕ್ಕರೆ 70ರಿಂದ 180ರ ನಡುವೆ ಇರುವ ಹೊತ್ತು, ಆ ಪಂಪು ಹಾಕಿಕೊಂಡವರಲ್ಲಿ ದಿನದ ಶೇ. 61ರಿಂದ 71ಕ್ಕೆ ಏರಿತು. ದಿನಕ್ಕೆ ಎರಡು ಗಂಟೆಗೂ ಹೆಚ್ಚು ಸಮಯ, ದಿನವೂ. ಕಣ್ಣು, ಕಿಡ್ನಿ, ಕಾಲು ಉಳಿಯುವುದು ಇಂಥ ಗಂಟೆಗಳಿಂದಲೇ. ಅದರೊಳಗಿರುವುದು ಬಹುಪಾಲು ಹಳೆಯ ಗಣಿತ, ಕಲಿಯುವ ಯಂತ್ರದ ಪಾಲು ಕಡಿಮೆ. ಇದನ್ನೂ ಹೇಳಿಬಿಡುತ್ತೇವೆ. ಏಕೆಂದರೆ ಈಚೆಗೆ ಎಲ್ಲಕ್ಕೂ ಕೃತಕ ಬುದ್ಧಿಮತ್ತೆಯ ಹಣೆಪಟ್ಟಿ ಅಂಟಿಸಿ ಮಾರುವ ಚಾಳಿ ಬಂದಿದೆ.

ಈಗ ನಮ್ಮ ಮುಖ್ಯ ತಕರಾರಿಗೆ ಬರೋಣ. ಯಂತ್ರ ಕಲಿಯಿತು ಸರಿ. ಯಾರ ಮೈಯಿಂದ ಕಲಿಯಿತು?

ಕಂಪ್ಯೂಟರ್ ಸೈನ್ಸ್ ಓದಿದವರಿಗೆ ಒಂದು ಕಡತ ನೆನಪಿರಬಹುದು. ಮಷೀನ್ ಲರ್ನಿಂಗ್ ಪಾಠ ಶುರುಮಾಡಿದ ಮೊದಲ ತಿಂಗಳಲ್ಲೇ ಎಷ್ಟೋ ಮೇಷ್ಟರುಗಳು ಅದನ್ನು ಕೈಗೆ ಕೊಡುತ್ತಾರೆ. 768 ಸಾಲುಗಳು. ಗ್ಲೂಕೋಸ್, ರಕ್ತದೊತ್ತಡ, ತೂಕದ ಸೂಚ್ಯಂಕ, ವಯಸ್ಸು, ಎಷ್ಟು ಸಲ ಬಸಿರಾದರು, ಹೀಗೆ ಎಂಟು ಕಲಮುಗಳು. ಕೊನೆಯಲ್ಲಿ ಸಕ್ಕರೆ ಕಾಯಿಲೆ ಬಂತೋ ಇಲ್ಲವೋ. 268 ಮಂದಿಗೆ ಬಂತು. ನೀವು ಅದರ ಮೇಲೆ ಪ್ರೋಗ್ರಾಂ ಓಡಿಸಿ, ಶೇ. 76 ಸರಿ ಬಂತೆಂದು ಖುಷಿಪಟ್ಟು, ಪ್ರಾಜೆಕ್ಟ್ ರಿಪೋರ್ಟಿಗೆ ಬೈಂಡು ಹಾಕಿಸಿದ್ದೀರಿ. ಆ 768 ಸಾಲುಗಳು ಯಾರೆಂದು ಯಾವತ್ತಾದರೂ ಕೇಳಿದ್ದೀರಾ?

ಅವರು ಹೆಂಗಸರು. ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ಊರಿನ ಹತ್ತಿರದ ಪಿಮಾ ಜನಾಂಗದವರು. ತಮ್ಮ ಭಾಷೆಯಲ್ಲಿ ಅವರು ತಮ್ಮನ್ನು ಕರೆದುಕೊಳ್ಳುವ ಹೆಸರಿಗೆ ನದಿಯ ಜನ ಎಂದು ಅರ್ಥ. ಹೀಲಾ ನದಿಯಿಂದ ಕಾಲುವೆ ತೋಡಿ ನೂರಾರು ವರ್ಷ ಬೇಸಾಯ ಮಾಡಿದವರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಹೊರಗಿನಿಂದ ಬಂದು ನೆಲೆಸಿದವರು ಮೇಲ್ಭಾಗದಲ್ಲಿ ಆ ನೀರನ್ನು ತಿರುಗಿಸಿಕೊಂಡರು. ಹೊಲ ಒಣಗಿತು. ಬದುಕು ಸರ್ಕಾರ ಕೊಟ್ಟ ಮೈದಾ, ಕೊಬ್ಬಿನ ಮೇಲೆ ಬಿತ್ತು. ನದಿಯ ನೀರಿಗಾಗಿ ಬೀದಿಗಿಳಿದ ನಾಡಿನವರು ನಾವು. ಇದಕ್ಕಿಂತ ಹೆಚ್ಚು ವಿವರಿಸಬೇಕೇ? ಆಮೇಲೆ ಅವರಲ್ಲಿ ಸಕ್ಕರೆ ಕಾಯಿಲೆ ಸಿಕ್ಕಾಪಟ್ಟೆ ಹೆಚ್ಚಿತು. 1965ರಿಂದ ಅಮೆರಿಕದ ಸರ್ಕಾರಿ ಸಂಶೋಧಕರು ಅವರನ್ನು ಅಳೆಯುತ್ತಾ ಬಂದರು. ಗಡಿಯಾಚೆ ಮೆಕ್ಸಿಕೋದ ಗುಡ್ಡಗಳಲ್ಲಿ ಹೊಲ ಗೇಯ್ದುಕೊಂಡಿದ್ದ ಅದೇ ರಕ್ತದ ಬಂಧುಗಳಲ್ಲಿ ಕಾಯಿಲೆ ಶೇ. 6.9, ಅಮೆರಿಕದ ಪಿಮಾಗಳಲ್ಲಿ ಶೇ. 38 ಎಂದು 2006ರ ವರದಿಯೊಂದು ಹೇಳಿತು. ನೀರು ಹೋದದ್ದು ಆ ಕಡತದ ಯಾವ ಕಲಮಿನಲ್ಲೂ ಇಲ್ಲ.

ಇನ್ನೊಂದು ವಿಷಯ. ಆ ಕಡತದಲ್ಲಿ 35 ಹೆಂಗಸರ ರಕ್ತದೊತ್ತಡ ಸೊನ್ನೆ. 374 ಮಂದಿಯ ಇನ್ಸುಲಿನ್ ಸೊನ್ನೆ. ಐವರ ಗ್ಲೂಕೋಸೇ ಸೊನ್ನೆ. ಬದುಕಿರುವ ಮನುಷ್ಯರಲ್ಲಿ ರಕ್ತದೊತ್ತಡ ಸೊನ್ನೆ ಇರಲು ಸಾಧ್ಯವೇ? ಅಳತೆ ಇಲ್ಲದ ಜಾಗಕ್ಕೆ ಸೊನ್ನೆ ತುಂಬಿದ್ದಾರೆ, ಅಷ್ಟೇ. ಅದನ್ನು ನೋಡದೆ ಯಂತ್ರಕ್ಕೆ ಉಣ್ಣಿಸಿದವರು ಎಷ್ಟು ಮಂದಿಯೋ! ಸೆನ್ಸರಿನ ವಿಷಯದಲ್ಲೂ ಇದೇ. ಸಂಪರ್ಕ ಕಡಿದ ಹೊತ್ತನ್ನು, ಅಂಟು ಬಿಟ್ಟ ದಿನವನ್ನು ಏನೆಂದು ಬರೆಯುತ್ತೀರಿ ಎನ್ನುವುದರ ಮೇಲೆ ಯಂತ್ರ ಏನು ಕಲಿಯುತ್ತದೆ ಎನ್ನುವುದು ನಿಂತಿದೆ.

ಯಾರದೋ ಮೈಯ ಪಾಠ ನಮ್ಮ ಮೈಗೆ ಒಗ್ಗುತ್ತದೆಯೇ? ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪಕ್ಕಪಕ್ಕದಲ್ಲಿ ತಮ್ಮದೇ ಫೋಟೋ ಹಾಕಿಸಿದರು. ಇಬ್ಬರ ತೂಕದ ಸೂಚ್ಯಂಕವೂ 22.3. ಯುಡ್ಕಿನ್ನರ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕರ ಮೈಯಲ್ಲಿ ಶೇ. 21.2. ತೂಕ ನೋಡಿ ಲೆಕ್ಕ ಹಾಕುವ ಯಂತ್ರಕ್ಕೆ ಇಬ್ಬರೂ ಒಂದೇ. ನಮ್ಮವರಲ್ಲಿ ತೆಳ್ಳಗಿದ್ದೂ ಕಾಯಿಲೆ ಬಂದವರು ಬೀದಿಗೊಬ್ಬರು ಸಿಗುತ್ತಾರೆ.

ಊಟಕ್ಕೆ ಬನ್ನಿ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 2015ರಲ್ಲಿ ಪ್ರಕಟಿಸಿದ ಕೆಲಸ ನಿಜಕ್ಕೂ ಮೆಚ್ಚುವಂಥದ್ದು. 800 ಮಂದಿಗೆ ಒಂದು ವಾರ ಸೆನ್ಸರ್ ಹಾಕಿ, 46,898 ಊಟಗಳ ಲೆಕ್ಕ ಹಿಡಿದರು. ಒಬ್ಬರಿಗೆ ಬಾಳೆಹಣ್ಣು ಸಕ್ಕರೆ ಏರಿಸಿತು, ಬಿಸ್ಕತ್ತು ಏರಿಸಲಿಲ್ಲ. ಇನ್ನೊಬ್ಬರಿಗೆ ತಿರುಗುಮುರುಗು! ಊಟದ ಪಿಷ್ಟವನ್ನಷ್ಟೇ ಎಣಿಸುವ ಹಳೆಯ ಪದ್ಧತಿಗಿಂತ ಅವರ ಯಂತ್ರ ಬಹಳ ಚೆನ್ನಾಗಿ ಅಂದಾಜು ಮಾಡಿತು. ಒಬ್ಬರ ಊಟದ ಪಟ್ಟಿ ಇನ್ನೊಬ್ಬರಿಗೆ ಆಗಿಬರುವುದಿಲ್ಲ ಎಂದು ಸಾಧಿಸಿ ತೋರಿಸಿದವರು ಅವರು. ಅವರದೇ ಮಾತನ್ನು ಅವರ ಯಂತ್ರಕ್ಕೂ ಅನ್ವಯಿಸಿ ನೋಡಿ. ಆ ಎಂಟುನೂರು ಮಂದಿ ಇಸ್ರೇಲಿನವರು, ತಿಂದದ್ದು ಅಲ್ಲಿಯ ಊಟ. ಅವರಲ್ಲಿ ಸಕ್ಕರೆ ಕಾಯಿಲೆ ಇರುವವರನ್ನು ಸೇರಿಸಿಕೊಂಡಿರಲೂ ಇಲ್ಲ. ಒಹಾಯೋದ ಹನ್ನೆರಡು ಮಂದಿಯಲ್ಲಿ ಯಾರು ಬಸ್ಸಾರು ಉಂಡರು?

ನಮ್ಮ ಊಟದಲ್ಲಿ ಶಕ್ತಿಯ ಶೇ. 60ಕ್ಕೂ ಹೆಚ್ಚು ಪಿಷ್ಟದಿಂದಲೇ ಬರುತ್ತದೆ. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಮುದ್ದೆ. ಒಂದು ಮುದ್ದೆ ಅಂದರೆ ಎಷ್ಟು ಗ್ರಾಂ? ಮಂಡ್ಯದ ಹೊಲದಲ್ಲಿ ಕಟ್ಟುವ ಮುದ್ದೆ ಬೇರೆ, ಬೆಂಗಳೂರಿನ ಮಿಲಿಟರಿ ಹೋಟೆಲಿನ ಮುದ್ದೆ ಬೇರೆ, ನಿಮ್ಮಜ್ಜಿ ಕಟ್ಟುವ ಮುದ್ದೆ ಬೇರೆ. "ಒಂದು ಕಪ್" ಎಂದು ಕೇಳುವ ಪರದೆಗೆ ಇದನ್ನು ಹೇಗೆ ಹೇಳುವುದು? ಇಲ್ಲಿ ಒಂದು ಮಾತು, ಬೇಜಾರಾದರೂ ಕೇಳಿ. ರಾಗಿ ತಿಂದರೆ ಶುಗರ್ ಏರುವುದೇ ಇಲ್ಲ ಎಂಬ ನಂಬಿಕೆ ನಮ್ಮಲ್ಲಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಪಿಷ್ಟವೇ ಇದೆ. ನಾರಿನ ಅಂಶ ಚೆನ್ನಾಗಿದೆ, ನಿಜ. ಆದರೆ ಎರಡು ದೊಡ್ಡ ಮುದ್ದೆ ನುಂಗಿದರೆ ಎಷ್ಟು ಏರುತ್ತದೆಂದು ಸೆನ್ಸರ್ ಹಾಕಿಕೊಂಡವರನ್ನು ಕೇಳಿ ನೋಡಿ. ನಮ್ಮ ಊಟದ ಅಭಿಮಾನ ಬೇರೆ, ಅದರ ಅಳತೆ ಬೇರೆ. ಅಭಿಮಾನವಿದ್ದರೆ ಅಳೆಯಿರಿ.

ಊಟದಾಚೆಗೂ ಇದೆ. ಏಕಾದಶಿ ಉಪವಾಸ, ರಂಜಾನ್ ತಿಂಗಳ ರೋಜಾ, ಹಬ್ಬದ ದಿನ ಒಂದರ ಮೇಲೊಂದು ಹೋಳಿಗೆ. ಪೀಣ್ಯದ ಕಾರ್ಖಾನೆಯ ರಾತ್ರಿ ಪಾಳಿ, ಊಟಕ್ಕೆ ಗಂಟೆ ಗೊತ್ತಿಲ್ಲದ ಕ್ಯಾಬ್ ಚಾಲಕ, ಬಿಡುವಿಲ್ಲದೆ ಹೊಲಿಯುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳು. ಈ ದಿನಗಳು ಯಾವ ಕಡತದಲ್ಲಿವೆ? ಯಂತ್ರಕ್ಕೆ ಇವರು ಕಂಡೇ ಇಲ್ಲ.

ಇದಕ್ಕೆ ಯಾರನ್ನು ಬೈಯೋಣ? ಒಹಾಯೋದವರನ್ನೇ? ಅವರು ತಮ್ಮ ಊರಿನವರನ್ನು ಅಳೆದರು, ಅಳೆದದ್ದನ್ನು ಜಗತ್ತಿನ ಸಂಶೋಧಕರಿಗೆ ಕೊಟ್ಟರು. ಬೈಯಬೇಕಾದ್ದು ನಮ್ಮನ್ನು ನಾವೇ. ಬೆಂಗಳೂರಿನ ಬಹುಮಹಡಿ ಕಟ್ಟಡಗಳಲ್ಲಿ ಕೂತು ಅಮೆರಿಕದ ವಿಮಾ ಕಂಪನಿಗೆ, ಜರ್ಮನಿಯ ಆಸ್ಪತ್ರೆಗೆ ಪ್ರೋಗ್ರಾಂ ಬರೆದು ಕೊಡುವ ಕನ್ನಡದ ಮಕ್ಕಳು ಸಾವಿರ ಸಾವಿರ ಇದ್ದೀರಿ. ಸಂಬಳ ತಗೊಳ್ಳಿ, ಬೇಡ ಅನ್ನುವುದಿಲ್ಲ. ಊರಿಗೆಲ್ಲ ಬಡಿಸಿ ಬಂದ ಮೇಲೆ ಮನೆಯಲ್ಲಿ ತಾಯಿ ಉಂಡರೋ ಇಲ್ಲವೋ ಎಂದು ನೋಡಬೇಕೋ ಬೇಡವೋ?

ನಾವೇನು ಮಾಡಲು ಸಾಧ್ಯ, ದೊಡ್ಡ ಕಂಪನಿಗಳ ಕೆಲಸ ಅದು ಎನ್ನುವವರಿಗೆ ಒಂದು ನಿಜವಾದ ಕಥೆ. 2013ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಜಾನ್ ಕಾಸ್ಟಿಕ್ ಎಂಬ ಎಂಜಿನಿಯರಿನ ನಾಲ್ಕು ವರ್ಷದ ಮಗನಿಗೆ ಸೆನ್ಸರ್ ಇತ್ತು. ಅದರ ಅಂಕಿ ಮಗುವಿನ ಪಕ್ಕದಲ್ಲಿರುವ ಪುಟ್ಟ ಪೆಟ್ಟಿಗೆಯಲ್ಲಿ ಮಾತ್ರ ಕಾಣುತ್ತಿತ್ತು. ಕೆಲಸದಲ್ಲಿರುವ ಅಪ್ಪನಿಗೆ ಕಾಣಬೇಡವೇ? ಆತ ತಾನೇ ತಂತಿ ಜೋಡಿಸಿ, ಪ್ರೋಗ್ರಾಂ ಬರೆದು, ಅಂಕಿಯನ್ನು ಇಂಟರ್‌ನೆಟ್ಟಿಗೆ ಏರಿಸಿದ. ಇನ್ನಷ್ಟು ಅಪ್ಪ ಅಮ್ಮಂದಿರು ಕೂಡಿಕೊಂಡರು. ಅವರ ಘೋಷಣೆ ಒಂದೇ: ನಾವು ಕಾಯುತ್ತಾ ಕೂರುವುದಿಲ್ಲ. ಸಿಯಾಟಲ್ ಊರಿನ ಡೇನಾ ಲೂಯಿಸ್ ಎಂಬ ಹೆಣ್ಣುಮಗಳು ಒಬ್ಬಳೇ ವಾಸವಿದ್ದಳು. ಸೆನ್ಸರಿನ ಗಂಟೆ ಅವಳ ನಿದ್ದೆ ಕೆಡಿಸುವಷ್ಟು ಜೋರಾಗಿರಲಿಲ್ಲ. ಜೋರು ಗಂಟೆ ಮಾಡಿಕೊಳ್ಳಲು ಹೊರಟವಳು ಮುಂದೆ ಸಕ್ಕರೆಯ ಭವಿಷ್ಯ ಹೇಳುವ ಪ್ರೋಗ್ರಾಂ ಬರೆದಳು. 2015ರಲ್ಲಿ ಅದರ ವಿನ್ಯಾಸವನ್ನೇ ಎಲ್ಲರಿಗೂ ಬಿಟ್ಟುಕೊಟ್ಟಳು. ಹೀಗೆ ಮನೆಯಲ್ಲಿ ಹುಟ್ಟಿದ ಇಂಥದ್ದೇ ಇನ್ನೊಂದು ಪ್ರೋಗ್ರಾಮಿನ ಮೇಲೆ ಕಟ್ಟಿದ ವ್ಯವಸ್ಥೆಗೆ 2023ರ ಜನವರಿಯಲ್ಲಿ ಅಮೆರಿಕದ ಔಷಧ ಇಲಾಖೆಯೇ ಮುದ್ರೆ ಒತ್ತಿತು. ಹತ್ತು ವರ್ಷ ಬೇಕಾಯಿತು, ಆದರೆ ಆಯಿತು.

ಭಾಷೆಯ ಮಾತಿಗೆ ಬರೋಣ. ಇದು ಅಲಂಕಾರದ ಮಾತಲ್ಲ. ರಾತ್ರಿ ಎರಡೂವರೆಗೆ ಬಂದ ಎಚ್ಚರಿಕೆ ಕನ್ನಡದಲ್ಲಿ ಹೀಗಿದ್ದಿದ್ದರೆ? "ಸಕ್ಕರೆ ಕಡಿಮೆ ತೋರಿಸುತ್ತಿದೆ. ತೋಳಿನ ಮೇಲೆ ಮಲಗಿದ್ದೀರಾ? ಬೆವರು, ನಡುಕ ಇದ್ದರೆ ಈಗಲೇ ಸಕ್ಕರೆ ತಿನ್ನಿ. ಇಲ್ಲದಿದ್ದರೆ ಬೆರಳು ಚುಚ್ಚಿ ನೋಡಿ." ಇಷ್ಟು ಬರೆಯಲು ಯಾವ ಮಹಾ ವಿದ್ಯೆ ಬೇಕು? ತಾಯಿ ತಾನೇ ಓದಿಕೊಂಡು ಮಗ್ಗುಲು ಬದಲಿಸಿ ಮಲಗುತ್ತಿದ್ದರು. ಕೋಟಿ ಸುರಿದು ಕಲಿಸಿದ ಯಂತ್ರದ ಕೊನೆಯ ಮಾತು ರೋಗಿಗೆ ಅರ್ಥವಾಗದಿದ್ದರೆ ಅದು ಕಲಿತದ್ದೆಲ್ಲ ನೀರಿನಲ್ಲಿ ಹೋಮ.

ಇದನ್ನು ಕೇಳುವುದಕ್ಕೆ ಒಂದು ಕಾನೂನಿನ ಹಿಡಿಕೆಯೂ ಇದೆ. ನಿಮ್ಮ ತಾಯಿಯ ಸಕ್ಕರೆಯ ಅಂಕಿ ಯಾವುದೋ ಕಂಪನಿಯ ಕಂಪ್ಯೂಟರಿಗೆ ಹೋಗುತ್ತದೆ. "ಒಪ್ಪಿದ್ದೇನೆ" ಎಂಬ ಗುಂಡಿ ಒತ್ತಿದವರು ನೀವೇ, ಓದದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಆ ಒಪ್ಪಿಗೆ ಕೇಳುವ ನೋಟೀಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಅವಕಾಶ ಕೊಡಬೇಕು. ಆ ಅನುಸೂಚಿಯಲ್ಲಿ ಕನ್ನಡ ಇದೆ. 2025ರ ನವೆಂಬರಿನಲ್ಲಿ ನಿಯಮಗಳು ಹೊರಬಿದ್ದವು, ಕಂಪನಿಗಳಿಗೆ ಸಿದ್ಧವಾಗಲು 18 ತಿಂಗಳ ಗಡುವು ಸಿಕ್ಕಿತು. ಗಡುವು ಮುಗಿಯುವ ತನಕ ಬಾಯಿ ಮುಚ್ಚಿಕೊಂಡಿರಬೇಕೆಂದು ಕಾಯ್ದೆಯಲ್ಲಿ ಎಲ್ಲೂ ಬರೆದಿಲ್ಲ. ಈಗಲೇ ಪತ್ರ ಬರೆದು ಕನ್ನಡದ ನೋಟೀಸು ಕೇಳಿ. ಅಂಕಿಯನ್ನು ಯಾರಿಗೆ ಕೊಡುತ್ತೀರಿ, ವಿಮಾ ಕಂಪನಿಗೆ ಮಾರುತ್ತೀರಾ, ನಾವು ಬೇಡವೆಂದರೆ ಅಳಿಸುತ್ತೀರಾ, ಕೇಳಿ.

ದುಡ್ಡಿನ ಮಾತು ಬಿಟ್ಟರೆ ಆತ್ಮವಂಚನೆ. ಎರಡು ವಾರದ ಒಂದು ಸೆನ್ಸರಿಗೆ ನಾಲ್ಕೈದು ಸಾವಿರ. ತಿಂಗಳಿಗೆ ಎರಡು. ಗಾರ್ಮೆಂಟ್ಸ್ ಹೆಣ್ಣುಮಗಳ ಸಂಬಳದಲ್ಲಿ ಎಷ್ಟು ಉಳಿಯಿತು? ಇಂಗ್ಲೆಂಡಿನಲ್ಲಿ 2022ರ ಮಾರ್ಗಸೂಚಿ, ಟೈಪ್ 1 ಕಾಯಿಲೆಯ ಎಲ್ಲ ವಯಸ್ಕರಿಗೂ ಸರ್ಕಾರಿ ಆರೋಗ್ಯ ಸೇವೆಯಲ್ಲಿ ನಿರಂತರ ಅಳತೆಯ ಸೆನ್ಸರ್ ಕೊಡಬೇಕೆಂದು ಹೇಳಿತು. ಅಷ್ಟು ದೂರ ಏಕೆ, ಪಕ್ಕದ ಕೇರಳ ಟೈಪ್ 1 ಇರುವ ಮಕ್ಕಳಿಗಾಗಿ "ಮಿಠಾಯಿ" ಎಂಬ ಯೋಜನೆಯನ್ನೇ ಮಾಡಿದೆ. ನಮ್ಮ ವಿಧಾನಸೌಧದ ಮುಂದೆ ಕೂಗಲು ನಮಗೆ ಹೊಸ ವಿಷಯ ಬೇಕಿತ್ತು, ಸಿಕ್ಕಿತು. ಎಲ್ಲರಿಗೂ ಸೆನ್ಸರ್ ಬೇಕೆಂದು ನಾವು ಹೇಳುವುದಿಲ್ಲ. ಮಾತ್ರೆಯಲ್ಲಿ ಹತೋಟಿಯಲ್ಲಿರುವವರಿಗೆ ವರ್ಷದಲ್ಲಿ ನಾಲ್ಕಾರು ಪರೀಕ್ಷೆ, ನಡಿಗೆ, ಊಟದ ಹಿಡಿತ ಸಾಕು. ಇನ್ಸುಲಿನ್ ಮೇಲೆ ಬದುಕಿರುವ ಮಕ್ಕಳಿಗೆ ಬೇಕು, ಮೊದಲು ಅವರಿಗೆ.

ಅಗ್ಗದ ದಾರಿ ಹುಡುಕುವವರಿಗೆ ಒಂದು ಎಚ್ಚರಿಕೆ. ಚುಚ್ಚದೆಯೇ, ಕೈಗೆ ಕಟ್ಟಿದರೆ ಸಾಕು, ಶುಗರ್ ಹೇಳುತ್ತದೆ ಎಂಬ ವಾಚುಗಳು, ಉಂಗುರಗಳು ಎರಡು ಮೂರು ಸಾವಿರಕ್ಕೆ ಬಂದಿವೆ. ಅಪ್ಪನ ಹುಟ್ಟುಹಬ್ಬಕ್ಕೆಂದು ಕೊಂಡುಕೊಂಡವರನ್ನು ನಾವು ಕಂಡಿದ್ದೇವೆ. ಚರ್ಮ ಚುಚ್ಚದೆ ತಾನೇ ಗ್ಲೂಕೋಸ್ ಅಳೆಯುವ ಯಾವ ವಾಚಿಗೂ, ಉಂಗುರಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ, ಬಳಸಬೇಡಿ ಎಂದು ಅಮೆರಿಕದ ಔಷಧ ಇಲಾಖೆ 2024ರ ಫೆಬ್ರವರಿಯಲ್ಲಿ ಸಾರಿ ಹೇಳಿತು. ಆ ಅಂಕಿ ನೋಡಿ ಇನ್ಸುಲಿನ್ ಹಾಕಿಕೊಂಡರೆ ಪ್ರಾಣಕ್ಕೇ ಸಂಚಕಾರ. ಕೊಂಡಿದ್ದರೆ ಗಂಟೆ ನೋಡಲು ಇಟ್ಟುಕೊಳ್ಳಿ.

ನಮ್ಮ ಹುಡುಗ ಈಗ ಏನು ಮಾಡುತ್ತಿದ್ದಾನೆ ಗೊತ್ತೇ? ಒಂದು ಇನ್ನೂರು ಪುಟದ ನೋಟ್‌ಬುಕ್ ತಂದಿದ್ದಾನೆ. ತಾಯಿಯೇ ಬರೆಯುತ್ತಾರೆ, ಕನ್ನಡದಲ್ಲಿ. ಎಷ್ಟು ಗಂಟೆಗೆ ಉಂಡೆ, ಏನು ಉಂಡೆ, ಇನ್ಸುಲಿನ್ ಎಷ್ಟು, ಯಾವ ಮಗ್ಗುಲಿಗೆ ಮಲಗಿದ್ದೆ. ಮುದ್ದೆಯನ್ನು ಅಡಿಗೆಮನೆಯ ತಕ್ಕಡಿಯಲ್ಲಿ ತೂಗುತ್ತಾರೆ. ಮೊದಲ ದಿನ ತೂಗಿದಾಗ 410 ಗ್ರಾಂ ಬಂತಂತೆ, ಅವರಿಗೇ ನಗು. ಮಗ ರಾತ್ರಿ ಕೂತು ಆ ಬರಹವನ್ನು ಸೆನ್ಸರಿನ ಗೆರೆಯ ಪಕ್ಕಕ್ಕಿಟ್ಟು ಕಂಪ್ಯೂಟರಿಗೆ ಏರಿಸುತ್ತಾನೆ. ಆರು ವಾರವಾಗಿದೆ. ಅವನ ಜೊತೆ ಕೆಲಸ ಮಾಡುವ ಇಬ್ಬರು ತಮ್ಮ ಅಪ್ಪಂದಿರಿಗೂ ನೋಟ್‌ಬುಕ್ ಕೊಡಿಸಿದ್ದಾರೆ. ಔಷಧದ ಪ್ರಮಾಣವನ್ನು ಡಾಕ್ಟರನ್ನು ಕೇಳದೆ ಬದಲಿಸುವುದಿಲ್ಲ ಎಂದು ಮೂವರೂ ಮಾತು ಕೊಟ್ಟುಕೊಂಡಿದ್ದಾರೆ. ರಾತ್ರಿ ಗಂಟೆ ಕೂಗಿದರೆ, ಬೆವರು ನಡುಕ ಇದ್ದರೆ ಮೊದಲು ಸಕ್ಕರೆ. ಇಲ್ಲದಿದ್ದರೆ ಮೊದಲು ಬೆರಳು. ಪಟ್ಟಿ ಮುಗಿದಿದ್ದರೆ ಕಾಯದೆ ಸಕ್ಕರೆ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದಾರೆ, ಕನ್ನಡದಲ್ಲೇ.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ತಾಯಿ ಕಲಮುಗಳನ್ನು ಗೆರೆ ಹಾಕಿ ಮಾಡಿಕೊಂಡಿದ್ದಾರೆ. ಕೊನೆಯ ಕಲಮು ಮಗ ಹೇಳಿದ್ದಲ್ಲ, ಆಕೆಯೇ ಸೇರಿಸಿದ್ದು. ಅದರ ತಲೆಯ ಮೇಲೆ "ಬೇಜಾರು" ಎಂದು ಬರೆದಿದೆ. ಬೇಜಾರಿದ್ದ ದಿನ ಶುಗರ್ ಏರುತ್ತದೆ ಎಂದು ಆಕೆ ಹೇಳುತ್ತಲೇ ಬಂದಿದ್ದರಂತೆ. ಒಹಾಯೋದವರ ಕಡತದಲ್ಲೂ ಆ ಕಲಮು ಇದೆ ಎಂದು ಮಗನಿಗೆ ಆಮೇಲೆ ಗೊತ್ತಾಯಿತು.